ಮೃದು-ಕಠಿಣಗಳ ಸಾಮರಸ್ಯ

ಬಿಗಿದು ಕಟ್ಟಿದ ಮಾತ್ರಕ್ಕೆ ಎರಡು ವಸ್ತುಗಳು ಒಂದಾಗುವುದಿಲ್ಲ. ಬಾವಿಯಿಂದ ನೀರು ಸೇದುವ ಹಗ್ಗವು ಹರಿಯುವುದು ಸಾಮಾನ್ಯವಾಗಿ ಅದರ ನಡುವಿನಲ್ಲಲ್ಲ. ಕೊಡದ ಕಂಠಕ್ಕೆ ಬಿಗಿದ ಗಂಟಿನ ಬಳಿಯಲ್ಲಿ. ನೊಗಕ್ಕೆ ಬಿಗಿದ ಮಿಣಿಯು ಮೊದಲು ಸವೆಯುವುದೂ ಅದು ಮರವನ್ನು ತಬ್ಬಿಕೊಂಡ ಎಡೆಯಲ್ಲಿಯೇ. ಮೆದುವಾದುದು ಗಟ್ಟಿಯಾದುದನ್ನು ಕೂಡುವ ತಾಣವೇ ಎರಡರ ಪಾಲಿಗೂ ಅಪಾಯದ ತಾಣವಾಗಿದೆ.

ಮನುಷ್ಯರ ನಡುವಿನ ಸಂಬಂಧಗಳಲ್ಲಿಯೂ ಈ ಸಂಗತಿಯನ್ನು ಕಾಣಬಹುದು. ಒಂದು ಮನೆಯಲ್ಲಿ, ಒಂದು ಊರಿನಲ್ಲಿ, ಒಂದು ಮಠದ ಆವರಣದಲ್ಲಿ ಮೃದು ಸ್ವಭಾವದವರೂ ನಿಷ್ಠುರ ಸ್ವಭಾವದವರೂ ಕೂಡಿ ಬಾಳಬೇಕಾಗುತ್ತದೆ. ಅಷ್ಟೇಕೆ? ಒಬ್ಬನೇ ಮನುಷ್ಯನ ಎದೆಯೊಳಗೆ ಕರುಣೆಯೂ ನಿಷ್ಠೆಯೂ ನೆಲೆಸಬೇಕಾಗಿದೆ. ಕರುಣೆಯಿಲ್ಲದ ನಿಷ್ಠೆಯು ಕ್ರೌರ್ಯಕ್ಕೆ ಇಳಿಯುತ್ತದೆ. ನಿಷ್ಠೆಯಿಲ್ಲದ ಕರುಣೆಯು ಬಲಹೀನತೆಯಾಗಿ ಪರಿಣಮಿಸುತ್ತದೆ. ಹೀಗಿರಲು, ಭಿನ್ನ ಸ್ವಭಾವದ ಎರಡು ತತ್ತ್ವಗಳು ತಮ್ಮ ತಮ್ಮ ಗುಣವನ್ನು ಕಳೆದುಕೊಳ್ಳದೆ ಒಂದಾಗುವುದು ಹೇಗೆ? ಮೃದುವಾದುದು ಸವೆಯದಂತೆ, ಕಠಿಣವಾದುದು ಸಿಡಿಯದಂತೆ ಅವು ಕೂಡುವ ಬಗೆ ಯಾವುದು? ಸಾಮರಸ್ಯವೆಂಬ ಮಾತನ್ನು ನಿತ್ಯವೂ ಉಚ್ಚರಿಸುವ ನಾವು ಈ ಪ್ರಶ್ನೆಯನ್ನು ಒಮ್ಮೆಯಾದರೂ ನಿಂತು ವಿಚಾರಿಸಬೇಕಾಗಿದೆ.

ಶರಣರು ಕಾಯವನ್ನು ಹೇಯವೆಂದು ತಳ್ಳಿದವರಲ್ಲ. ಕಾಯವನ್ನು ದೇವಾಲಯವೆಂದೇ ಭಾವಿಸಿ, ಅದರೊಳಗೆ ನಡೆಯುವ ಪೂಜೆಗೆ ಹೊರಗಿನ ಗುಡಿಗಿಂತ ಮಿಗಿಲಾದ ಬೆಲೆಯನ್ನು ಕೊಟ್ಟವರು. ಆದುದರಿಂದ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ನಮ್ಮ ಕಾಯವನ್ನೇ ಮೊದಲು ಕೇಳುವುದು ಉಚಿತವಾದೀತು. ಏಕೆಂದರೆ ನಮ್ಮ ಒಡಲಿನ ನೂರಾರು ಎಡೆಗಳಲ್ಲಿ ಮೃದುವು ಕಠಿಣವನ್ನು ಕೂಡಿಕೊಂಡಿದೆ. ಕೂಡಿಕೊಂಡು ಹಲವು ದಶಕಗಳ ಕಾಲ ದುಡಿಯುತ್ತಿದೆ.

ಮಾಂಸಖಂಡವು ಎಲುಬನ್ನು ನೇರವಾಗಿ ಹಿಡಿದೆಳೆಯುವುದು ವಿರಳ. ಹೆಚ್ಚಿನ ಎಡೆಗಳಲ್ಲಿ ಅವೆರಡರ ನಡುವೆ ಒಂದು ಬಿಳಿಯ ಹುರಿ ಇರುತ್ತದೆ. ಆಡುಮಾತಿನಲ್ಲಿ ಜನರು ಇದನ್ನೂ 'ನರ'ವೆಂದೇ ಕರೆಯುವುದುಂಟು. ಶರೀರಶಾಸ್ತ್ರದಲ್ಲಿ ಇದಕ್ಕೆ ಸ್ನಾಯುರಜ್ಜು ಎಂದು ಹೆಸರು. ಕೊಲಾಜೆನ್ ಎಂಬ ಸಸಾರಜನಕದ ಎಳೆಗಳು ಹಗ್ಗದ ಹುರಿಗಳಂತೆ ಒತ್ತೊತ್ತಾಗಿ ಸೇರಿ ಈ ರಜ್ಜುವಾಗಿದೆ. ಹಿಮ್ಮಡಿಯ ಮೇಲೆ ಕೈಯಿಟ್ಟು ಹಿಡಿದರೆ ಸಿಕ್ಕುವ ದಪ್ಪ ಹುರಿಯೇ ನಮ್ಮ ದೇಹದ ಅತ್ಯಂತ ಬಲಿಷ್ಠವಾದ ರಜ್ಜು. ಫಿನ್‌ಲೆಂಡಿನ ವಿಜ್ಞಾನಿ ಪಾವೊ ಕೋಮಿ ಅವರು ಸ್ವಯಂಸೇವಕರ ಹಿಮ್ಮಡಿಯ ರಜ್ಜುವಿಗೆ ಸಣ್ಣ ಮಾಪಕವನ್ನು ಅಳವಡಿಸಿ, ಅವರು ಓಡುವಾಗ ಅದರ ಮೇಲೆ ಬೀಳುವ ಸೆಳೆತವನ್ನು ಅಳೆದರು. ದೇಹದ ತೂಕದ 12 ಪಟ್ಟಿಗೂ ಮಿಕ್ಕ ಸೆಳೆತವು ಅಲ್ಲಿ ಕಂಡುಬಂದಿತು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಈ ಭಾರವು ರಜ್ಜುವಿನಿಂದ ಎಲುಬಿಗೆ ದಾಟಬೇಕು.

ಇಲ್ಲಿಯೇ ಕಷ್ಟವಿರುವುದು. ಎಲುಬು ರಜ್ಜುವಿಗಿಂತ ಹತ್ತಾರು ಪಟ್ಟು ಬಿರುಸು. ಎಳೆದಾಗ ರಜ್ಜು ತುಸು ಹಿಗ್ಗುತ್ತದೆ. ಎಲುಬು ಹಿಗ್ಗುವುದಿಲ್ಲವೆಂದೇ ಹೇಳಬೇಕು. ಒಂದು ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಅವು ಸೇರಿದ ಗೆರೆಯ ಮೇಲೆ, ಅದರಲ್ಲಿಯೂ ಆ ಗೆರೆಯ ಅಂಚಿನಲ್ಲಿ, ಸೆಳೆತವೆಲ್ಲವೂ ಬಂದು ದಟ್ಟಯಿಸುತ್ತದೆ. ಲೋಹಕ್ಕೆ ರಬ್ಬರನ್ನು ಅಂಟಿಸುವ ಯಂತ್ರಶಿಲ್ಪಿಗಳಿಗೆ ಈ ತೊಡಕು ಚೆನ್ನಾಗಿ ಗೊತ್ತು. ಅಂಟನ್ನು ಎಷ್ಟೇ ಬಲಪಡಿಸಿದರೂ ಈ ವೈಷಮ್ಯವು ತಾನಾಗಿ ಅಳಿಯುವುದಿಲ್ಲ.

ನಮ್ಮ ಒಡಲು ಈ ತೊಡಕನ್ನು ಬಿಡಿಸಿರುವ ರೀತಿಯು ಆಶ್ಚರ್ಯಕರವಾಗಿದೆ. 1970ರಲ್ಲಿ ಕೂಪರ್ ಮತ್ತು ಮಿಸೋಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಈ ಸಂಧಿಸ್ಥಾನವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಒಂದಾದಮೇಲೊಂದರಂತೆ ನಾಲ್ಕು ವಲಯಗಳಿರುವುದನ್ನು ವಿವರಿಸಿದರು. ಮೊದಲನೆಯದು ಶುದ್ಧವಾದ ರಜ್ಜು. ಎರಡನೆಯದರಲ್ಲಿ ರಜ್ಜುವಿನ ಎಳೆಗಳ ನಡುವೆ ಮೃದ್ವಸ್ಥಿಯ ಕಣಗಳು ಬಂದು ಸೇರುತ್ತವೆ. ಮೂರನೆಯದರಲ್ಲಿ ಆ ಮೃದ್ವಸ್ಥಿಗೆ ಸುಣ್ಣದ ಅಂಶವು ಕೂಡಿ ಅದು ಗಡುಸಾಗುತ್ತದೆ. ನಾಲ್ಕನೆಯದು ಎಲುಬು. ಈ ನಡುವಿನ ಪ್ರಾಂತವೆಲ್ಲ ಸೇರಿದರೂ ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟೂ ಅಗಲವಿರುವುದಿಲ್ಲ. ಅಷ್ಟು ಕಿರಿದಾದ ಎಡೆಯಲ್ಲಿ ಮೃದುವಾದುದು ಹಂತಹಂತವಾಗಿ ಕಠಿಣದ ಗುಣವನ್ನು ತಾಳುತ್ತದೆ. ಇಂತಲ್ಲಿಯವರೆಗೆ ರಜ್ಜು, ಇಲ್ಲಿಂದ ಮುಂದೆ ಎಲುಬು ಎಂದು ಒಂದೇ ಏಟಿಗೆ ಕತ್ತರಿಸಿ ತೋರುವ ಎಡೆಯೇ ಅಲ್ಲಿಲ್ಲ. ಎರಡನೆಯ ಮತ್ತು ಮೂರನೆಯ ವಲಯಗಳ ನಡುವೆ ಒಂದು ಗೆರೆಯೇನೋ ಕಾಣುತ್ತದೆ. ಆದರೆ ಕೊಲಾಜೆನ್ ಎಳೆಗಳು ಆ ಗೆರೆಯನ್ನು ದಾಟಿ ಆಚೆಗೆ ಹೋಗಿವೆ. ಅದರಾಚೆ ಗಡುಸಾದ ಮೃದ್ವಸ್ಥಿಯೂ ಎಲುಬೂ ನೇರವಾದ ಅಂಚಿನಿಂದ ಕೂಡದೆ, ಎರಡು ಕೈಗಳ ಬೆರಳುಗಳು ಹೆಣೆದುಕೊಂಡಂತೆ ಏರಿಳಿತಗಳಿಂದ ಒಂದರೊಳಗೊಂದು ಹೊಕ್ಕುಕೊಂಡಿವೆ.

ಮತ್ತೊಂದು ಸಂಗತಿಯು ಇನ್ನೂ ವಿಚಾರಾರ್ಹವಾಗಿದೆ. ಮೃದುವಿನಿಂದ ಕಠಿಣಕ್ಕೆ ಹೋಗುವ ದಾರಿಯಲ್ಲಿ ಬಿರುಸುತನವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಲೇ ಹೋಗಬಹುದೆಂದು ನಾವು ಊಹಿಸುತ್ತೇವೆ. ಆದರೆ ಇಲಿಗಳ ಭುಜದ ರಜ್ಜುವನ್ನು ಪರೀಕ್ಷಿಸಿದಾಗ ನಡುವಿನ ಒಂದು ಪಟ್ಟಿಯು ಎಲುಬಿಗಿಂತ ಮಾತ್ರವಲ್ಲ, ರಜ್ಜುವಿಗಿಂತಲೂ ಮೆತ್ತಗಿರುವುದು ಕಂಡುಬಂದಿದೆ. ಆ ಮೆತ್ತನೆಯ ಪಟ್ಟಿಯೇ ಸೆಳೆತವನ್ನು ತನ್ನ ಮೈಯಲ್ಲೆಲ್ಲ ಹರಡಿಕೊಂಡು, ಅದು ಒಂದೇ ಬಿಂದುವಿನಲ್ಲಿ ದಟ್ಟಯಿಸದಂತೆ ಕಾಯುತ್ತದೆ. ಎರಡು ಬಲಶಾಲಿಗಳನ್ನು ಕೂಡಿಸುವುದಕ್ಕೆ ಮೂರನೆಯ ಬಲಶಾಲಿಯು ಬರಲಿಲ್ಲ. ಇಬ್ಬರಿಗಿಂತಲೂ ಹೆಚ್ಚು ಬಾಗಬಲ್ಲದ್ದು ಬಂದಿತು.

ಇದನ್ನು ಓದಿದಾಗ ಪಂಚಾಚಾರಗಳ ನೆನಪಾಗದಿರದು. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಐದರಲ್ಲಿ ಕೊನೆಯ ಎರಡನ್ನು ಜೊತೆಯಲ್ಲಿಟ್ಟು ನೋಡಿದರೆ ಮೊದಲಿಗೆ ವಿರೋಧವೇ ತೋರುತ್ತದೆ. ಗಣಾಚಾರವು ಧರ್ಮಕ್ಕೆ ಕುಂದು ಬಂದಲ್ಲಿ ಮಣಿಯದೆ ನಿಲ್ಲೆಂದು ವಿಧಿಸುತ್ತದೆ. ಭೃತ್ಯಾಚಾರವು ಎಲ್ಲ ಶರಣರಿಗಿಂತ ತಾನೇ ಕಿರಿಯನೆಂಬ ಕಿಂಕರಭಾವದಿಂದ ಬಾಗೆಂದು ಬೋಧಿಸುತ್ತದೆ. ಒಂದು ಎಲುಬಿನಂತೆ ಸೆಟೆದದ್ದು. ಒಂದು ಎಲ್ಲಕ್ಕಿಂತ ಮೆತ್ತಗಿರುವುದು. ಭೃತ್ಯಾಚಾರವಿಲ್ಲದ ಗಣಾಚಾರವು ಬರಿಯ ಜಗಳಗಂಟಿತನವಾಗುವುದನ್ನು ನಾವು ನೋಡಿದ್ದೇವೆ. ತತ್ತ್ವನಿಷ್ಠೆಯುಳ್ಳವರು ಅನೇಕರಿದ್ದಾರೆ, ಆದರೆ ಅವರ ನಿಷ್ಠೆಗೂ ಎದುರಿನವರ ಹೃದಯಕ್ಕೂ ನಡುವೆ ಆ ಮೆತ್ತನೆಯ ಪಟ್ಟಿಯಿಲ್ಲ. ಆದಕಾರಣ ಅವರು ಮುಟ್ಟಿದ ಸಂಬಂಧಗಳೆಲ್ಲವೂ ಅಂಚಿನಲ್ಲಿ ಹರಿಯುತ್ತವೆ. ವಿನಯವು ನಿಷ್ಠೆಯ ಕೊರತೆಯಲ್ಲ. ನಿಷ್ಠೆಯು ಲೋಕವನ್ನು ಮುಟ್ಟುವುದಕ್ಕೆ ಬೇಕಾದ ದಾರಿಯೇ ಅದು.

ಷಟ್‌ಸ್ಥಲದ ಕ್ರಮವನ್ನೂ ಇದೇ ದೃಷ್ಟಿಯಿಂದ ಅವಲೋಕಿಸಬಹುದು. ಅಂಗವು ಲಿಂಗದಲ್ಲಿ ಸಮರಸವಾಗುವುದನ್ನು ಶರಣರು ಒಂದೇ ನೆಗೆತದಲ್ಲಿ ಹೇಳಲಿಲ್ಲ. ಭಕ್ತನ ಶ್ರದ್ಧೆ, ಮಹೇಶನ ನಿಷ್ಠೆ, ಪ್ರಸಾದಿಯ ಅವಧಾನ, ಪ್ರಾಣಲಿಂಗಿಯ ಅನುಭಾವ, ಶರಣನ ಆನಂದ, ಐಕ್ಯನ ಸಮರಸ ಎಂದು ಭಕ್ತಿಯೇ ಆರು ಪರಿಯಾಗಿ ಪರಿಪಕ್ವವಾಗುತ್ತದೆ. ಒಂದು ಸ್ಥಲದಿಂದ ಮುಂದಿನ ಸ್ಥಲಕ್ಕೆ ಹೋದವನು ಹಿಂದಿನದನ್ನು ಕಳಚಿಹಾಕಿ ಹೋಗುವುದಿಲ್ಲ. ಗೆರೆಯನ್ನು ದಾಟಿದ ಎಳೆಯಂತೆ ಶ್ರದ್ಧೆಯು ಕೊನೆಯವರೆಗೂ ನಡೆದಿರುತ್ತದೆ. ಆದರೆ ಉಪಮಾನಕ್ಕೆ ಅದರದೇ ಆದ ಮಿತಿಯಿದೆ. ನಾಲ್ಕು ವಲಯಗಳನ್ನು ಎಳೆದು ಆರು ಸ್ಥಲಗಳಿಗೆ ಹೊಂದಿಸುವುದು ಪಾಂಡಿತ್ಯದ ಆಟವಾದೀತೇ ಹೊರತು ಸತ್ಯಶೋಧನೆಯಾಗದು. ಹಂತಹಂತವಾದ ಪರಿಣಾಮದಿಂದಲೇ ಗಟ್ಟಿಯಾದ ಐಕ್ಯವು ಸಾಧ್ಯವೆಂಬ ಒಂದು ಸಂಗತಿಯನ್ನು ಮಾತ್ರ ನಾವು ಇಲ್ಲಿಂದ ಸ್ವೀಕರಿಸಿದರೆ ಸಾಕು.

ಹಾಗಾದರೆ ಬಾಗುವ ಭಾರವು ಯಾರದು? ಲೋಕದಲ್ಲಿ ಇದನ್ನು ಮೃದುವಾದವರ ಹೆಗಲಿಗೆ ಹೊರಿಸುವುದೇ ವಾಡಿಕೆ. ಮನೆಗೆ ಬಂದ ಸೊಸೆಯು ಹೊಂದಿಕೊಳ್ಳಬೇಕು, ಕಿರಿಯರು ಹೊಂದಿಕೊಳ್ಳಬೇಕು, ಬಡವರು ಹೊಂದಿಕೊಳ್ಳಬೇಕು. ಹಿರಿಯರೂ ಉಳ್ಳವರೂ ಇದ್ದಂತೆಯೇ ಇರುತ್ತಾರೆ. ಇದಕ್ಕೆ ಸಾಮರಸ್ಯವೆಂದು ಹೆಸರಿಡುವುದು ಆತ್ಮವಂಚನೆ. ಒಡಲಿನ ರೀತಿಯು ಹೀಗಿಲ್ಲ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಅವರು 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆಂದು ಪ್ರತಿಪಾದಿಸಿದರು. ಅವರ ಗಣಿತದ ವಿವರಗಳನ್ನು ಮುಂದಿನವರು ತಿದ್ದಿದ್ದರೂ ಮೂಲತತ್ತ್ವವು ಇಂದಿಗೂ ನಿಂತಿದೆ. ಹಿಮ್ಮಡಿಯ ಎಲುಬನ್ನು ಸೀಳಿ ನೋಡಿದರೆ ಅದರೊಳಗಿನ ಜಾಲರಿಯ ಕಡ್ಡಿಗಳು ರಜ್ಜುವು ಎಳೆಯುವ ದಿಕ್ಕನ್ನೇ ಅನುಸರಿಸಿರುವುದು ಕಾಣುತ್ತದೆ. ರಜ್ಜುವು ಎಲುಬಿನ ಬಳಿಗೆ ಬಂದಾಗ ಬೇರಿನಂತೆ ಅಗಲವಾಗಿ ಹರಡಿಕೊಳ್ಳುತ್ತದೆ. ಎಲುಬು ತನ್ನ ಅಂತರಂಗವನ್ನೇ ಅದರ ಸೆಳೆತಕ್ಕೆ ತಕ್ಕಂತೆ ಜೋಡಿಸಿಕೊಳ್ಳುತ್ತದೆ. ಕಲ್ಲಿನಂತೆ ತೋರುವ ಎಲುಬೇ ಬದಲಾಗುವುದಾದರೆ, ಬದಲಾಗಲಾರೆನೆಂದು ಪಟ್ಟುಹಿಡಿದ ಹಿರಿಯನಿಗೆ ಹೇಳಿಕೊಳ್ಳಲು ಯಾವ ನೆವವು ಉಳಿಯಿತು?

ಈ ಸಂಧಿಯು ಹುಟ್ಟಿನಿಂದಲೇ ಸಿದ್ಧವಾಗಿ ಬರುವುದೂ ಇಲ್ಲ. ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಆಗತಾನೆ ಹುಟ್ಟಿದ ಇಲಿಮರಿಗಳ ಒಂದು ಭುಜದ ಸ್ನಾಯುವನ್ನು ಔಷಧದಿಂದ ನಿಶ್ಚೇಷ್ಟಿತಗೊಳಿಸಿ ಬೆಳೆಯಬಿಟ್ಟರು. ದುಡಿಮೆಯಿಲ್ಲದ ಆ ಭುಜದಲ್ಲಿ ರಜ್ಜುವಿಗೂ ಎಲುಬಿಗೂ ನಡುವಿನ ಪ್ರಾಂತವು ಹದವಾಗಿ ಬೆಳೆಯಲಿಲ್ಲ; ಅದರ ಪಕ್ವತೆ ಹಿಂದುಳಿಯಿತು. ಸೆಳೆತವಿಲ್ಲದಿದ್ದರೆ ಸಂಧಿಯು ಕೆಡಲಾರದೆಂದು ನಾವು ತಿಳಿಯುತ್ತೇವೆ. ನಿಜವಾಗಿ ಸೆಳೆತವಿಲ್ಲದಿದ್ದರೆ ಸಂಧಿಯೇ ಸರಿಯಾಗಿ ಆಗುವುದಿಲ್ಲ. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನದ ಒಂದು ಮರ್ಮವು ಇಲ್ಲಿ ಹೊಳೆಯುತ್ತದೆ. ಕಾಯಕವು ಹೊಟ್ಟೆಯ ಪಾಡಿಗೆ ಮಾತ್ರವಾದುದಲ್ಲ. ಒಂದೇ ಕೆಲಸದ ಭಾರವನ್ನು ಕೂಡಿ ಹೊತ್ತವರ ನಡುವೆ, ದಾಸೋಹದ ಒಂದೇ ಪಂಕ್ತಿಗೆ ತಮ್ಮ ದುಡಿಮೆಯನ್ನು ತಂದು ಸುರಿದವರ ನಡುವೆ ಬೆಳೆಯುವ ಬಂಧವು, ಸಭೆಯಲ್ಲಿ ಐಕಮತ್ಯದ ಭಾಷಣವನ್ನು ಕೇಳಿ ಎದ್ದುಹೋದವರ ನಡುವೆ ಬೆಳೆಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. "ಹಂತಹಂತವಾಗಿ ಎನ್ನುವ ಈ ಮಾತು ಅನ್ಯಾಯವನ್ನು ಮುಂದೂಡುವವರ ಮಾತಲ್ಲವೆ? ಮೇಲು-ಕೀಳುಗಳನ್ನು ಅಳಿಸಿರೆಂದಾಗ, ಕಾಲವಿನ್ನೂ ಪಕ್ವವಾಗಿಲ್ಲವೆಂದು ಹೇಳುವವರಿಗೆ ಇದು ಆಧಾರವಾಗದೆ? ಶರಣರು ಹಾಗೆ ಕಾದು ಕುಳಿತರೆ?" ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಸಮಗಾರ ಕುಲದಿಂದ ಬಂದ ಹರಳಯ್ಯನ ಮನೆಯೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮನೆಯೂ ಬೀಗತನ ಬೆಳೆಸಿದುವೆಂದೂ, ಅದಕ್ಕಾಗಿ ಅವರು ಎಳೆಹೂಟೆಯ ಘೋರಶಿಕ್ಷೆಗೆ ಗುರಿಯಾದರೆಂದೂ ನಮ್ಮ ಪರಂಪರೆಯು ಹೇಳುತ್ತದೆ. ಶರಣರು ಆತುರಪಟ್ಟರು, ಆದುದರಿಂದ ಕಲ್ಯಾಣವು ಹಾಳಾಯಿತೆಂದು ಹೇಳುವವರು ಇಂದಿಗೂ ಇದ್ದಾರೆ.

ಈ ಮಾತನ್ನು ಒಪ್ಪಲಾಗದು. ಹದಗೊಳಿಸುವುದು ಬೇರೆ, ಮುಂದೂಡುವುದು ಬೇರೆ. ಮುಂದೂಡುವವನು ಎರಡು ವಸ್ತುಗಳನ್ನು ದೂರವಿಟ್ಟು ಕಾಲವನ್ನು ಎಣಿಸುತ್ತಾನೆ. ಹದಗೊಳಿಸುವವನು ಅವನ್ನು ಕೂಡಿಸಿಟ್ಟು ಭಾರವನ್ನು ಹೊರಿಸುತ್ತಾನೆ. ದೂರವಿಟ್ಟ ಕಡೆ ಯಾವ ಹಂತವೂ ಹುಟ್ಟುವುದಿಲ್ಲವೆಂಬುದಕ್ಕೆ ದುಡಿಮೆ ತಪ್ಪಿದ ಆ ಇಲಿಮರಿಗಳ ಭುಜವೇ ಸಾಕ್ಷಿ. ಕಲ್ಯಾಣದ ಶರಣರಾದರೋ ಕೂಡಿಬಾಳುವ ಈ ಹದವನ್ನು ಮೊದಲೇ ಸಾಧಿಸಿದ್ದರು. ಒಂದೇ ಇಷ್ಟಲಿಂಗದ ದೀಕ್ಷೆ, ಒಂದೇ ದಾಸೋಹದ ಪ್ರಸಾದ, ಒಂದೇ ಅನುಭಾವಗೋಷ್ಠಿ, ಒಂದೇ ಕಾಯಕಧರ್ಮ ಇವು ಆ ಎರಡು ಮನೆಗಳನ್ನು ಬೀಗತನಕ್ಕೆ ಮುಂಚೆಯೇ ಹೆಣೆದಿದ್ದುವು. ಮದುವೆಯು ಆ ಬಂಧದ ಮೊದಲ ಗಂಟಲ್ಲ, ಅದರ ಪಕ್ವಫಲ.

ಈ ಸಂದರ್ಭದಲ್ಲಿ ಶರೀರಶಾಸ್ತ್ರದ ಇನ್ನೊಂದು ಮಾತು ಸ್ಮರಣೀಯವಾಗಿದೆ. ಆರೋಗ್ಯವಂತವಾದ ಸಂಧಿಯ ಮೇಲೆ ಮಿತಿಮೀರಿದ ಸೆಳೆತವು ಒಮ್ಮೆಗೇ ಬಿದ್ದಾಗ, ಸಂಧಿಯು ಸುಲಭವಾಗಿ ಬಿಡುವುದಿಲ್ಲ. ಎಷ್ಟೋ ವೇಳೆ ರಜ್ಜುವು ತನ್ನ ಹಿಡಿತವನ್ನು ಬಿಡದೆ ಎಲುಬಿನ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಒಡೆದುದು ಅವು ಕೂಡಿದ ತಾಣವಲ್ಲ. ಅದರ ಹಿಂದಿದ್ದ ಗಡುಸು. ಕಲ್ಯಾಣದಲ್ಲಿಯೂ ಬಿರಿದುದು ಹರಳಯ್ಯ-ಮಧುವರಸರ ಬಂಧವಲ್ಲ. ಅವರು ಶಿಕ್ಷೆಗೆ ಅಂಜಿ ಬೇರೆಯಾದರೆಂದು ಯಾರೂ ಹೇಳಿಲ್ಲ. ಬಿರಿದುದು, ಆ ಸೆಳೆತಕ್ಕೆ ತನ್ನ ಒಳರಚನೆಯನ್ನು ಹೊಂದಿಸಿಕೊಳ್ಳಲೊಲ್ಲದ ಅಂದಿನ ವ್ಯವಸ್ಥೆ. ಒಡೆದ ಎಲುಬಿನ ದೋಷವನ್ನು ಸಂಧಿಯ ಮೇಲೆ ಹೊರಿಸುವುದು ನ್ಯಾಯವೆನಿಸದು. ಮತ್ತು ಒಂದು ಮಾತು: ಒಡಲಿನ ವಲಯಗಳಲ್ಲಿ ಕ್ರಮವಿದೆ, ತಾರತಮ್ಯವಿಲ್ಲ. ಗಡುಸಾದುದು ಶ್ರೇಷ್ಠ, ಮೆತ್ತಗಿನದು ಕನಿಷ್ಠ ಎಂಬ ಎಣಿಕೆಗೆ ಅಲ್ಲಿ ಎಡೆಯಿಲ್ಲ. ಹಂತಗಳಿವೆಯೆಂಬ ಮಾತಿನಿಂದ ಜಾತಿಗಳ ಮೆಟ್ಟಿಲುಗಳನ್ನು ಸಮರ್ಥಿಸಹೊರಡುವವನು ಎಲುಬನ್ನೂ ಅರಿತವನಲ್ಲ, ವಚನವನ್ನೂ ಅರಿತವನಲ್ಲ.

ಇಷ್ಟಾದರೂ ಬಂಧಗಳು ಹರಿಯುವುದುಂಟು. ತೋಳನ್ನು ಮೇಲೆತ್ತುವ ಭುಜದ ರಜ್ಜುವು ವಯಸ್ಸಾದವರಲ್ಲಿ ಸವೆದು ಹರಿಯುವುದು ವೈದ್ಯರಿಗೆ ಪರಿಚಿತವಾದ ವ್ಯಾಧಿ. ಸಂಧಿಯ ಮೃದ್ವಸ್ಥಿಯಲ್ಲಿ ರಕ್ತನಾಳಗಳು ಇಲ್ಲವೆಂಬಷ್ಟು ವಿರಳವಾದುದರಿಂದ ಅದು ತಾನಾಗಿ ಮಾಯುವುದು ಕಷ್ಟ. ಶಸ್ತ್ರವೈದ್ಯರು ಹರಿದ ರಜ್ಜುವನ್ನು ಎಲುಬಿಗೆ ಮತ್ತೆ ಹೊಲಿಯುತ್ತಾರೆ. ಅದು ಅಂಟಿಕೊಳ್ಳುತ್ತದೆ, ತೋಳು ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಮೊದಲಿನ ಆ ನಾಲ್ಕು ವಲಯಗಳು ಯಥಾವತ್ತಾಗಿ ಮರಳಿ ಮೂಡುವುದಿಲ್ಲ. ಅವುಗಳ ಎಡೆಯಲ್ಲಿ ಗಾಯದ ಕಲೆಯಂತಹ ಅಂಗಾಂಶವು ತುಂಬಿಕೊಳ್ಳುತ್ತದೆ. ಅದು ಮೊದಲಿನಷ್ಟು ಬಲವಾಗಿರುವುದಿಲ್ಲ. ದೊಡ್ಡ ಹರಿತಗಳಲ್ಲಿ ಹೊಲಿಗೆಯ ಅನಂತರವೂ ಮತ್ತೆ ಹರಿಯುವ ಸಂಭವವಿದೆ. ಹಾಗೆಂದು ವೈದ್ಯರು ಕೈಚೆಲ್ಲುವುದಿಲ್ಲ. ಕೆಲವು ವಾರಗಳ ಕಾಲ ತೋಳನ್ನು ಜೋಳಿಗೆಯಲ್ಲಿಟ್ಟು ಕಾಪಾಡುತ್ತಾರೆ. ಅನಂತರ ಅಲ್ಪಸ್ವಲ್ಪವಾಗಿ ಚಲನೆಯನ್ನೂ, ತಿಂಗಳುಗಳ ಮೇಲೆ ಭಾರವನ್ನೂ ಒಪ್ಪಿಸುತ್ತಾರೆ. ಮೊದಲ ದಿನವೇ ಭಾರ ಹೊರಿಸಿದರೆ ಹೊಲಿಗೆಯು ಕಿತ್ತುಹೋಗುತ್ತದೆ. ಎಂದಿಗೂ ಭಾರವನ್ನೇ ಹೊರಿಸದಿದ್ದರೆ ತೋಳು ಸೆಡೆತು ನಿಷ್ಪ್ರಯೋಜಕವಾಗುತ್ತದೆ.

ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಬೇರೆಯಾಗಿ, ಹತ್ತು ವರ್ಷಗಳ ಮೇಲೆ ಹಿರಿಯರ ಮಾತಿಗೆ ಕಟ್ಟುಬಿದ್ದು ಕೂಡಿಕೊಂಡಾಗ, "ಇಂದಿನಿಂದ ಎಲ್ಲವೂ ಮೊದಲಿನಂತೆ" ಎಂದು ನಾವು ಸಂತೋಷದಿಂದ ಸಾರುತ್ತೇವೆ. ಎಲ್ಲವೂ ಮೊದಲಿನಂತೆ ಆಗಿರುವುದಿಲ್ಲ. ಅಲ್ಲಿ ಕಲೆಯಿದೆ. ಆ ಕಲೆಯನ್ನು ಇಲ್ಲವೆನ್ನುವವನು ಮೊದಲ ದಿನವೇ ಭಾರ ಹೊರಿಸುವ ಅವಿವೇಕಿ. ಆ ಕಲೆಯನ್ನೇ ನೆನೆದು ಎಂದಿಗೂ ನಂಬಲೊಲ್ಲದವನು ತೋಳನ್ನು ಜೋಳಿಗೆಯಲ್ಲಿಯೇ ಒಣಗಿಸುವವನು. ಕ್ಷಮೆಯೆಂಬುದು ಒಂದು ಮಾತಲ್ಲ, ಒಂದು ಶುಶ್ರೂಷೆ. ಅದಕ್ಕೆ ದಿನಗಳು ಬೇಕು, ಅಳತೆ ಬೇಕು, ಎರಡೂ ಕಡೆಯ ಎಚ್ಚರ ಬೇಕು. ಹರಿದುದನ್ನು ಕೂಡಿಸುವ ಈ ಕಷ್ಟವನ್ನು ಬಲ್ಲವನು ಹರಿಯುವುದಕ್ಕೆ ಮುನ್ನ ಎರಡು ಬಾರಿ ಯೋಚಿಸುತ್ತಾನೆ. ನಾಲಗೆಯ ತುದಿಗೆ ಬಂದ ಬಿರುನುಡಿಯನ್ನು ಅಲ್ಲಿಯೇ ನಿಲ್ಲಿಸುವುದಕ್ಕೆ ಇದಕ್ಕಿಂತ ಬಲವಾದ ಕಾರಣವು ಬೇರೆ ಬೇಕೆ?

ಕಾಯದ ಸಂಧಿಗೂ ಮನುಷ್ಯರ ಸಂಬಂಧಕ್ಕೂ ಒಂದು ಮುಖ್ಯವಾದ ಅಂತರವಿದೆಯೆಂಬುದನ್ನು ಮರೆಯಲಾಗದು. ರಜ್ಜುವೂ ಎಲುಬೂ ಅರಿಯದೆಯೇ ಕೂಡುತ್ತವೆ. ಒಲ್ಲೆನೆನ್ನುವ ಸ್ವಾತಂತ್ರ್ಯವು ಅವಕ್ಕಿಲ್ಲ. ನಮಗಿದೆ. ಆದುದರಿಂದಲೇ ಅವುಗಳ ಪಾಲಿಗೆ ಪ್ರಕೃತಿಯಾಗಿರುವುದು ನಮ್ಮ ಪಾಲಿಗೆ ಆಚಾರವಾಗಬೇಕಾಗಿದೆ. ನಿಷ್ಠುರನಾದವನು ತನ್ನ ನಿಷ್ಠೆಯನ್ನು ಬಿಡಬೇಕಾಗಿಲ್ಲ; ಅದರ ಅಂಚಿನಲ್ಲಿ ಕಿಂಕರಭಾವವನ್ನು ಬೆಳೆಸಿಕೊಂಡರೆ ಸಾಕು. ಮೃದುವಾದವನು ತನ್ನ ಮೃದುತ್ವವನ್ನು ಬಿಡಬೇಕಾಗಿಲ್ಲ. ಸತ್ಯದ ಭಾರವು ಬಿದ್ದಲ್ಲಿ ಜಾರಿಕೊಳ್ಳದಷ್ಟು ಗಡುಸನ್ನು ತಾಳಿದರೆ ಸಾಕು.

ಬೆಳಗಿನ ಪೂಜೆಯಲ್ಲಿ ಎಡದ ಅಂಗೈಯ ಮೇಲೆ ಇಷ್ಟಲಿಂಗವನ್ನು ಇರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವಾಗ, ಆ ಕರಸ್ಥಲವನ್ನು ಅಲುಗದಂತೆ ಎತ್ತಿಹಿಡಿದಿರುವುದು ನಮ್ಮ ಭುಜದ, ಮೊಣಕೈಯ, ಮಣಿಕಟ್ಟಿನ ಇಂತಹ ಸಂಧಿಗಳೇ. ಲಿಂಗದ ಸಾಮರಸ್ಯವನ್ನು ಬಯಸುವ ಅಂಗವು ತನ್ನೊಳಗೆ ಆಗಲೇ ಒಂದು ಸಾಮರಸ್ಯವನ್ನು ಹೊತ್ತು ನಿಂತಿದೆ. ಪೂಜೆಯನ್ನು ಮುಗಿಸಿ ಎದ್ದು ಮನೆಯವರ ನಡುವೆ, ನೆರೆಹೊರೆಯವರ ನಡುವೆ ಹೋಗುವ ನಾವು, ಕೈಯೊಳಗಿರುವ ಈ ಸಾಮರಸ್ಯವನ್ನು ನಡೆಯಲ್ಲಿಯೂ ತಂದೆವೆಂದರೆ ಆ ಪೂಜೆಯು ಸಾರ್ಥಕವಾಯಿತೆಂದು ತಿಳಿಯಬಹುದು.